ಆಯದ ಪಟ್ಟಿಯಲ್ಲಿಲ್ಲದ ಸೂಲಗಿತ್ತಿ

ಹಳೆಯ ಮೈಸೂರಿನ ಗ್ರಾಮಜೀವನವನ್ನು ಬಣ್ಣಿಸುವವರು ಹನ್ನೆರಡು ಆಯಗಾರರನ್ನು ತಪ್ಪದೆ ಎಣಿಸುತ್ತಾರೆ. ಗೌಡ, ಶಾನುಭೋಗ, ಕಮ್ಮಾರ, ಬಡಗಿ, ಅಗಸ, ನೀರಗಂಟಿ ಮೊದಲಾದ ಇವರಿಗೆ ಸುಗ್ಗಿಯ ಕಾಲದಲ್ಲಿ ಕಣದಿಂದಲೇ ಧಾನ್ಯದ ಪಾಲು ಸಲ್ಲುತ್ತಿತ್ತು. ಊರಿನ ಮಕ್ಕಳನ್ನೆಲ್ಲ ಮೊದಲು ಕೈಯಲ್ಲಿ ಹಿಡಿದ ಸೂಲಗಿತ್ತಿ ಮಾತ್ರ ಆ ಪಟ್ಟಿಯಲ್ಲಿಲ್ಲ. ನೇಗಿಲು ಸರಿಪಡಿಸಿದವನಿಗಿದ್ದ ಹಕ್ಕು ಅವಳಿಗಿರಲಿಲ್ಲವೆಂಬುದು ಯೋಚಿಸತಕ್ಕ ವಿಷಯ.

‘ಸೂಲು’ ಎಂದರೆ ಹೆರಿಗೆ. ‘ಎರಡನೆಯ ಸೂಲಿನ ಎಮ್ಮೆ’ ಎಂದು ನಮ್ಮ ರೈತರು ಇಂದಿಗೂ ಹೇಳುವುದುಂಟು.

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲಗಳ ಸೀಮೆಯಲ್ಲಿಯೂ ಚೊಚ್ಚಲ ಹೆರಿಗೆ ತವರಿನದು. ಸೂಲಗಿತ್ತಿಗೆ ಹೇಳಿಕಳುಹಿಸುವ ಭಾರ ಬಸುರಿಯ ತಾಯಿಯದು. ಅನೇಕ ವೇಳೆ ಆ ತಾಯಿಯ ಹೆರಿಗೆಗೂ ಬಂದವಳು ಅವಳೇ. ಕೂಲಿ ಇಷ್ಟೆಂದು ಮೊದಲೇ ಮಾತಾಡುವ ರೂಢಿಯಿಲ್ಲ. ಮೊರದಲ್ಲಿ ಅಕ್ಕಿಯೋ ರಾಗಿಯೋ, ಬೆಲ್ಲ, ತೆಂಗಿನಕಾಯಿ, ಎಲೆ ಅಡಿಕೆ. ಅನುಕೂಲಸ್ಥರಾದರೆ ಒಂದು ಸೀರೆ. ಗಂಡು ಹುಟ್ಟಿದರೆ ಮೊರ ತುಸು ಹೆಚ್ಚು ತುಂಬುತ್ತಿತ್ತು. (ಹೆತ್ತವಳ ನೋವೂ ಹಿಡಿದವಳ ಶ್ರಮವೂ ಎರಡಕ್ಕೂ ಒಂದೇ ಅಲ್ಲವೆ!) ಕೋಣೆಯೊಳಗೆ ಅವಳ ಮಾತೇ ಮಾತು, ಮನೆಯ ಯಜಮಾನನೂ ಹೊಸಿಲಾಚೆ ನಿಲ್ಲಬೇಕು. ಆದರೆ ಕೀಳೆಂದು ಎಣಿಸಿದ ಜಾತಿಯವಳಾದರೆ, ಪುರುಡು ಕಳೆದ ಮೇಲೆ ಅದೇ ಮನೆಯ ಜಗಲಿಯೇ ಅವಳಿಗೆ ಗಡಿ. ಈ ಸಂಬಂಧವನ್ನು ಬರಿಯ ಅಕ್ಕರೆಯೆಂದು ಹೊಗಳುವವರು ಈ ಮಾತನ್ನು ನುಂಗಿಕೊಳ್ಳುತ್ತಾರೆ.

ಕುಡುಗೋಲಿನಿಂದ ಹೊಕ್ಕುಳಬಳ್ಳಿ ಕೊಯ್ದು ಧನುರ್ವಾಯುವಿಗೆ ತುತ್ತಾದ ಕೂಸುಗಳನ್ನೂ ಅವರು ನೆನೆಯುವುದಿಲ್ಲ. 1929ರಲ್ಲಿ ಮೈಸೂರು ಸರ್ಕಾರ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮಂಡ್ಯದಲ್ಲಿ ಆರೋಗ್ಯ ಘಟಕವನ್ನು ತೆರೆಯಿತು. ಮಂಡ್ಯ ಆಗ ಜಿಲ್ಲೆಯೂ ಆಗಿರಲಿಲ್ಲ. ಅದು ಆದದ್ದು 1939ರಲ್ಲಿ. ಕ್ರಮೇಣ ಹಳ್ಳಿಗಳಿಗೆ ಬಂದ ಸರ್ಕಾರದ ದಾದಿಗೆ ತರಬೇತಿಯಿತ್ತು, ಸಂಬಳವಿತ್ತು, ಶುದ್ಧವಾದ ಕತ್ತರಿಯಿತ್ತು. ಆದರೆ ಅವಳು ವರ್ಗವಾಗಿ ಹೋಗುವವಳು. ನೆಲ ನೀರಿನಂತೆ ಊರಲ್ಲೇ ಇರುವವಳನ್ನು ಬಿಟ್ಟು ಹೊಸಬಳನ್ನು ಕೋಣೆಯೊಳಕ್ಕೆ ಬಿಟ್ಟುಕೊಳ್ಳಲು ಮನೆಯ ಹಿರಿಯ ಹೆಂಗಸರು ಹಿಂಜರಿದಿದ್ದರೆ ಅದನ್ನು ಮೌಢ್ಯವೆಂದು ತಳ್ಳಿಹಾಕುವುದು ಸುಲಭ, ನ್ಯಾಯವಲ್ಲ.

ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು ಅಜ್ಜಿಯಿಂದ ವಿದ್ಯೆ ಕಲಿತು, ಕೂಲಿ ಕೇಳದೆ ಸುಮಾರು 15,000 ಹೆರಿಗೆ ಮಾಡಿಸಿದರೆಂದು ಪ್ರಸಿದ್ಧಿ. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು; ಆ ವರ್ಷದ ಡಿಸೆಂಬರಿನಲ್ಲಿಯೇ ಅವರು ತೀರಿಕೊಂಡರು. ಪ್ರಶಸ್ತಿ ಬರುವ ಹೊತ್ತಿಗೆ ಆ ಕಸುಬು ಹೆಚ್ಚುಕಡಿಮೆ ಮುಗಿದಿತ್ತು. 2005ರ ಜನನಿ ಸುರಕ್ಷಾ ಯೋಜನೆ ಬಡ ತಾಯಂದಿರಿಗೆ ಹಣ ಕೊಟ್ಟು ಆಸ್ಪತ್ರೆಗೆ ಕರೆಯಿತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಗಳಲ್ಲಿಯೇ ಆಗಿವೆ. ತಾಯಿ ಮಕ್ಕಳು ಉಳಿದುಕೊಳ್ಳುತ್ತಿರುವಾಗ ಇದಕ್ಕೆ ಮರುಗುವುದಾದರೂ ಹೇಗೆ? ಬಾಣಂತಿ ಮನೆಗೆ ಬಂದ ಮೇಲೆ ಕೂಸಿಗೆ ಎಣ್ಣೆ ತೀಡಿ ಕಾಲ ಮೇಲೆ ಮಲಗಿಸಿಕೊಂಡು ನೀರು ಹಾಕಲು, ಸಾಂಬ್ರಾಣಿ ಹೊಗೆ ಹಿಡಿಯಲು, ಈಗಲೂ ಕೆಲವು ಮನೆಗಳಲ್ಲಿ ಅನುಭವಸ್ಥ ಮುದುಕಿಯನ್ನು ಹುಡುಕುತ್ತಾರೆ. ಈ ಸಲ ಕೂಲಿಯನ್ನು ಮೊದಲೇ ಗೊತ್ತುಮಾಡಿಕೊಳ್ಳುತ್ತಾರೆ.