ಬೇರೆ ಬೇರೆ ಫ್ಯೂಸು: ಗಣಕದ ಕಿಟಕಿಗಳ ಒಂದು ಚರಿತ್ರೆ

ಸುಮಾರು ಇಪ್ಪತ್ತು ವರ್ಷಗಳ ಹಿಂದಿನ ಮಾತು. ನಾವು ಕೇಂದ್ರ ಸರ್ಕಾರದ ಸೇವೆಗೆ ಸೇರಿ ಪುಣೆಗೆ ಬಂದ ಹೊಸತು. ನಮ್ಮ ವಿಭಾಗದಲ್ಲಿ ನಿವೃತ್ತಿಯ ಅಂಚಿನಲ್ಲಿದ್ದ ಹಿರಿಯ ಗುಮಾಸ್ತರೊಬ್ಬರಿದ್ದರು. ಧಾರವಾಡದ ಕಡೆಯವರು, ಎಲ್ಲರೂ ಅವರನ್ನು ರಾಯರೆಂದೇ ಕರೆಯುತ್ತಿದ್ದೆವು. ಹಳೆಯ ಪಿಂಚಣಿ ಕಡತಗಳನ್ನು ಸ್ಕ್ಯಾನ್ ಮಾಡಿ ತುಂಬಿದ ಸಿ.ಡಿ.ಗಳು ಬಂದಿದ್ದವು. ಅವುಗಳಿಂದ ಗಣಕಯಂತ್ರಕ್ಕೆ ನಕಲಿಸಿ, ವರ್ಷವಾರು ಫೋಲ್ಡರುಗಳಲ್ಲಿ ಜೋಡಿಸುವ ಕೆಲಸ ರಾಯರ ಪಾಲಿಗೆ ಬಂದಿತ್ತು.

ಒಂದು ಮಧ್ಯಾಹ್ನ ಅವರು ಐದಾರು ಫೋಲ್ಡರುಗಳನ್ನು ಬೇರೆ ಬೇರೆ ಕಿಟಕಿಗಳಲ್ಲಿ ತೆರೆದಿಟ್ಟುಕೊಂಡಿದ್ದರು. ಒಂದರಲ್ಲಿ ನಕಲು ನಡೆದಿತ್ತು. ಇನ್ನೊಂದರಲ್ಲಿ ಯಾವುದೋ ಕಡತದ ಮೇಲೆ ಮೌಸಿನ ಬಲಗುಂಡಿ ಒತ್ತಿದರು. ತೆರೆ ಒಂದು ಕ್ಷಣ ಸ್ತಬ್ಧವಾಯಿತು. ಮರುಕ್ಷಣದಲ್ಲಿ ಕಿಟಕಿಗಳೆಲ್ಲ ಮಾಯವಾಗಿ, ಕೆಳಗಿನ ಪಟ್ಟಿಯೂ ಹೋಗಿ, ಬರಿಯ ಹಿನ್ನೆಲೆಯ ಬಣ್ಣ ಉಳಿಯಿತು. ತುಸು ಹೊತ್ತಿಗೆ ಪಟ್ಟಿಯೇನೋ ಮರಳಿ ಬಂತು. ಆದರೆ ನಕಲು ನಡುವೆಯೇ ತುಂಡಾಗಿತ್ತು. ಯಾವ ಪ್ರತಿ ಬಂದಿದೆ, ಯಾವುದು ಬಂದಿಲ್ಲ ಎಂದು ತಾಳೆ ನೋಡಲು ಎರಡು ದಿನ ಹಿಡಿಯಿತು. “ನಾನೇ ಏನರ ತಪ್ಪ ಒತ್ತಿರಬೇಕ್ರಿ,” ಎಂದರು ರಾಯರು. ಅಷ್ಟೇ ಅಲ್ಲ, ಕೆಲಸ ತಡವಾದುದಕ್ಕೆ ತಮ್ಮ ತಪ್ಪೇ ಕಾರಣವೆಂದು ಟಿಪ್ಪಣಿಯ ಹಾಳೆಯಲ್ಲಿ ಬರೆದು, ಸಹಿ ಹಾಕಿ ಮೇಲಕ್ಕೆ ಕಳುಹಿಸಿದರು. ನಾವು ಯಾರೂ ಅದನ್ನು ತಡೆಯಲಿಲ್ಲ. ಏಕೆಂದರೆ ನಮಗೂ ಹಾಗೆಯೇ ಅನ್ನಿಸಿತ್ತು.

ಒಂದು ಕಿಟಕಿಯಲ್ಲಿ ನಡೆದ ಅವಘಡಕ್ಕೆ ಉಳಿದ ಕಿಟಕಿಗಳು ಏಕೆ ಬಲಿಯಾಗಬೇಕು? ಈ ಪ್ರಶ್ನೆಯ ಬೆನ್ನು ಹತ್ತಿದರೆ ಗಣಕಯಂತ್ರದ ಅರವತ್ತು ವರ್ಷಗಳ ಚರಿತ್ರೆಯ ಒಂದು ಎಳೆ ನಮ್ಮ ಕೈಗೆ ಸಿಗುತ್ತದೆ.

ಮೊದಲು ಒಂದು ಪದವನ್ನು ಅರ್ಥ ಮಾಡಿಕೊಳ್ಳೋಣ. ಓಡುತ್ತಿರುವ ತಂತ್ರಾಂಶವನ್ನು ಗಣಕದ ಪರಿಭಾಷೆಯಲ್ಲಿ ಪ್ರಕ್ರಿಯೆ, ಅಂದರೆ ಪ್ರೊಸೆಸ್, ಎನ್ನುತ್ತಾರೆ. ಸುವ್ಯವಸ್ಥಿತವಾದ ಗಣಕದಲ್ಲಿ ಪ್ರತಿಯೊಂದು ಪ್ರಕ್ರಿಯೆಗೂ ಅದರದೇ ಆದ ಸ್ಮೃತಿಯ ಪಾಲು ಇರುತ್ತದೆ. ಇನ್ನೊಬ್ಬರ ಪಾಲಿಗೆ ಅದು ಕೈಹಾಕುವಂತಿಲ್ಲ. ಮುಂಬಯಿಯ ಹಳೆಯ ಚಾಳುಗಳಲ್ಲಿ ಬಾಳಿದವರಿಗೆ ಇದನ್ನು ಸುಲಭವಾಗಿ ಹೇಳಬಹುದು. ಇಡೀ ಮಹಡಿಗೆ ಒಂದೇ ಫ್ಯೂಸು ಇದ್ದರೆ, ಯಾರೋ ಒಬ್ಬರ ಕೆಟ್ಟ ಇಸ್ತ್ರಿಪೆಟ್ಟಿಗೆಯಿಂದ ಎಲ್ಲರ ಖೋಲಿಗಳೂ ಕತ್ತಲಾಗುತ್ತವೆ. ಖೋಲಿಗೊಂದು ಫ್ಯೂಸು ಇದ್ದರೆ ಇಸ್ತ್ರಿಪೆಟ್ಟಿಗೆಯೇನೂ ಸರಿಯಾಗುವುದಿಲ್ಲ. ಆದರೆ ಕತ್ತಲೆ ಆ ಒಂದು ಖೋಲಿಯನ್ನು ದಾಟುವುದಿಲ್ಲ. ಪ್ರತ್ಯೇಕ ಪ್ರಕ್ರಿಯೆ ಎಂದರೆ ಇಷ್ಟೇ. ಅದು ತಪ್ಪನ್ನು ಅಳಿಸುವ ಉಪಾಯವಲ್ಲ, ತಪ್ಪು ಎಲ್ಲಿಯವರೆಗೆ ಹರಡಬಹುದೆಂಬುದಕ್ಕೆ ಎಳೆದ ಗೆರೆ.

ಈ ಗೆರೆ ಹೊಸತಲ್ಲ. 1961ರ ನವೆಂಬರಿನಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಫೆರ್ನಾಂಡೊ ಕೊರ್ಬಾಟೊ ಮತ್ತು ಸಂಗಡಿಗರು ಒಂದೇ ಗಣಕವನ್ನು ಹಲವರು ಏಕಕಾಲಕ್ಕೆ ಬಳಸುವ ಸಿ.ಟಿ.ಎಸ್.ಎಸ್. ಎಂಬ ವ್ಯವಸ್ಥೆಯನ್ನು ಪ್ರದರ್ಶಿಸಿದರು. ಹಲವರು ಒಂದೇ ಯಂತ್ರದಲ್ಲಿ ಕುಳಿತ ಕೂಡಲೇ ಒಬ್ಬರ ತಪ್ಪಿನಿಂದ ಇನ್ನೊಬ್ಬರನ್ನು ಕಾಯುವ ಹೊಣೆಯೂ ಹುಟ್ಟಿತು. ಆ ವ್ಯವಸ್ಥೆ ಮುಂದೆ ನಡೆದ ಐ.ಬಿ.ಎಂ. ಯಂತ್ರಗಳಲ್ಲಿ ಸ್ಮೃತಿಯನ್ನು ಎರಡು ಭಾಗ ಮಾಡಿ, ಒಂದನ್ನು ಮೇಲ್ವಿಚಾರಕ ತಂತ್ರಾಂಶಕ್ಕೂ ಇನ್ನೊಂದನ್ನು ಬಳಕೆದಾರರಿಗೂ ಮೀಸಲಿಟ್ಟರು. ಬಳಕೆದಾರನ ತಂತ್ರಾಂಶವು ಗಡಿ ಮೀರದಂತೆ ಯಂತ್ರಾಂಶವೇ ಕಾವಲು ನಿಂತಿತು.

ಅದರ ಮುಂದಿನ ಹೆಜ್ಜೆಯಾದ ಮಲ್ಟಿಕ್ಸ್ ಯೋಜನೆಯಿಂದ ಬೆಲ್ ಲ್ಯಾಬ್ಸ್ ಸಂಸ್ಥೆ 1969ರಲ್ಲಿ ಹಿಂದೆ ಸರಿಯಿತು. ಆ ಸಂಸ್ಥೆಯ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಅದೇ ವರ್ಷ ಯುನಿಕ್ಸ್ ಕಟ್ಟತೊಡಗಿದರು. ನಮ್ಮ ವಿಷಯಕ್ಕೆ ಯುನಿಕ್ಸಿನ ಒಂದು ಗುಣ ಬಹು ಮುಖ್ಯ. ಕಡತಗಳ ಪಟ್ಟಿ ನೋಡುವುದು, ನಕಲಿಸುವುದು, ಹೆಸರು ಬದಲಿಸುವುದು ಇವೆಲ್ಲ ಅಲ್ಲಿ ಬೇರೆ ಬೇರೆ ಪುಟ್ಟ ತಂತ್ರಾಂಶಗಳು. ಪ್ರತಿ ಬಾರಿಯೂ ಪ್ರತ್ಯೇಕ ಪ್ರಕ್ರಿಯೆಯಾಗಿ ಹುಟ್ಟಿ, ಕೆಲಸ ಮುಗಿಸಿ, ಸಾಯುತ್ತವೆ. ನಕಲಿಸುವ ತಂತ್ರಾಂಶ ನಡುವೆ ಕುಸಿದರೆ ಅಪ್ಪಣೆ ಕೊಟ್ಟ ಷೆಲ್ ಅಲುಗುವುದಿಲ್ಲ. ಪಕ್ಕದಲ್ಲಿ ನಡೆಯುತ್ತಿರುವ ಇನ್ನೊಂದು ನಕಲಿಗೂ ಅದರ ಸುಳಿವಿರುವುದಿಲ್ಲ. ಅಂದರೆ ರಾಯರಿಗೆ ಬೇಕಾಗಿದ್ದ ರಕ್ಷಣೆ, ಅವರು ಗಣಕದ ಮುಂದೆ ಕೂರುವುದಕ್ಕೆ ಮೂವತ್ತು ವರ್ಷಗಳ ಮೊದಲೇ ಲೋಕದಲ್ಲಿ ಇತ್ತು.

ಹಾಗಾದರೆ ಅದು ನಡುವೆ ಕಳೆದುಹೋದದ್ದು ಹೇಗೆ? ಉತ್ತರ ಬಡತನ; ಮನುಷ್ಯರದಲ್ಲ, ಯಂತ್ರದ್ದು. 1981ರ ಆಗಸ್ಟಿನಲ್ಲಿ ಬಂದ ಐ.ಬಿ.ಎಂ. ಪಿ.ಸಿ.ಯಲ್ಲಿದ್ದ 8088 ಎಂಬ ಚಿಪ್ಪಿಗೆ ಸ್ಮೃತಿಯನ್ನು ಕಾಯುವ ಶಕ್ತಿಯೇ ಇರಲಿಲ್ಲ. ಒಬ್ಬನೇ ಬಳಕೆದಾರ, ಒಂದು ಹೊತ್ತಿಗೆ ಒಂದೇ ತಂತ್ರಾಂಶ. ಕಾಯುವುದಾದರೂ ಯಾರಿಂದ ಯಾರನ್ನು ಎಂಬುದು ಆ ಕಾಲದ ನಿಲುವು. 1984ರ ಮೆಕಿಂತಾಷ್ ಕಿಟಕಿ, ಫೋಲ್ಡರು, ಮೌಸುಗಳನ್ನು ಜನಸಾಮಾನ್ಯರ ಮೇಜಿಗೆ ತಂದಿತು. ಅದರ ಸ್ಮೃತಿ ಒಟ್ಟು 128 ಕಿಲೋಬೈಟ್ ಮಾತ್ರ. ಅಷ್ಟರಲ್ಲಿ ಗೋಡೆಗಳನ್ನು ಕಟ್ಟಿದರೆ ಸಂಸಾರಕ್ಕೆ ಜಾಗವೆಲ್ಲಿ? ಆ ಮನೆತನದ ಯಂತ್ರಗಳಿಗೆ ನಿಜವಾದ ಸ್ಮೃತಿರಕ್ಷಣೆ ದಕ್ಕಿದ್ದು 2001ರ ಮಾರ್ಚಿನಲ್ಲಿ, ಮ್ಯಾಕ್ ಒ.ಎಸ್. ಟೆನ್ ಬಂದಾಗ.

ವಿಂಡೋಸಿನ ಕಥೆಯೂ ಇದೇ. 1985ರಲ್ಲಿ ಇಂಟೆಲ್ ಸಂಸ್ಥೆಯ 80386 ಚಿಪ್ಪು ಬಂದ ಮೇಲೆ ಪಿ.ಸಿ.ಯಲ್ಲಿಯೂ ಬಲವಾದ ಗೋಡೆಗಳನ್ನು ಕಟ್ಟುವುದು ಸಾಧ್ಯವಾಯಿತು. ಆದರೂ 1990ರ ವಿಂಡೋಸ್ 3.0ರಲ್ಲಿ ತಂತ್ರಾಂಶಗಳು ಒಂದೇ ಸ್ಮೃತಿಯನ್ನು ಹಂಚಿಕೊಂಡೇ ಬಾಳಿದವು. ಪ್ರೋಗ್ರಾಮ್ ಮ್ಯಾನೇಜರ್ ಬೇರೆ, ಫೈಲ್ ಮ್ಯಾನೇಜರ್ ಬೇರೆ ಎಂದು ಹೆಸರಿಗೆ ಇದ್ದರೂ ಅವುಗಳ ನಡುವೆ ಗೋಡೆ ಇರಲಿಲ್ಲ. 1993ರಲ್ಲಿ ಡೇವಿಡ್ ಕಟ್ಲರ್ ಅವರ ಮುಂದಾಳತ್ವದಲ್ಲಿ ಸಿದ್ಧವಾದ ವಿಂಡೋಸ್ ಎನ್.ಟಿ. ಪ್ರತಿ ತಂತ್ರಾಂಶಕ್ಕೂ ಪ್ರತ್ಯೇಕ ಸ್ಮೃತಿಯನ್ನು ಕೊಟ್ಟಿತು. ಆದರೆ ಅದು ದುಬಾರಿ ಯಂತ್ರಗಳನ್ನು ಬೇಡುತ್ತಿದ್ದ ವ್ಯವಸ್ಥೆ. ಮನೆ ಮತ್ತು ಸಣ್ಣ ಕಚೇರಿಗಳಿಗೆ ಅದು ಬರಲಿಲ್ಲ.

ಜನ ಕಂಡದ್ದು 1995ರ ಆಗಸ್ಟ್ 24ರಂದು ಬಿಡುಗಡೆಯಾದ ವಿಂಡೋಸ್ 95 ಅನ್ನು. ಅದರಲ್ಲಿ ಎಕ್ಸ್‌ಪ್ಲೋರರ್ ಎಂಬ ಒಂದೇ ತಂತ್ರಾಂಶ ಹಲವು ಹುದ್ದೆಗಳನ್ನು ವಹಿಸಿಕೊಂಡಿತು. ಡೆಸ್ಕ್‌ಟಾಪ್ ಅದೇ, ಕೆಳಗಿನ ಟಾಸ್ಕ್‌ಬಾರ್ ಅದೇ, ಸ್ಟಾರ್ಟ್ ಮೆನು ಅದೇ, ಫೋಲ್ಡರುಗಳ ಕಿಟಕಿಗಳೂ ಅದೇ. ಕಣ್ಣಿಗೆ ಹತ್ತು ಕಿಟಕಿಗಳು ಕಂಡರೂ ಒಳಗೆ ಒಂದೇ ಪ್ರಕ್ರಿಯೆ. ಇದಕ್ಕೆ ಕಾರಣವಿತ್ತು: 4 ಮೆಗಾಬೈಟ್ ಸ್ಮೃತಿಯ ಯಂತ್ರದಲ್ಲಿಯೂ ಅದು ಓಡಬೇಕಾಗಿತ್ತು. ಪ್ರತಿಯೊಂದು ಕಿಟಕಿಗೂ ಬೇರೆ ಪ್ರಕ್ರಿಯೆ ಹುಟ್ಟಿಸಿದರೆ ಅಂಥ ಯಂತ್ರ ಉಸಿರುಗಟ್ಟುತ್ತಿತ್ತು.

ಇದರೊಂದಿಗೆ ಇನ್ನೊಂದು ಉದಾರತೆ ಸೇರಿಕೊಂಡಿತು. ಹೊರಗಿನವರು ಬರೆದ ತಂತ್ರಾಂಶದ ತುಣುಕುಗಳನ್ನು ಎಕ್ಸ್‌ಪ್ಲೋರರ್ ತನ್ನೊಳಗೆ ಕರೆದುಕೊಳ್ಳತೊಡಗಿತು. ಕಡತದ ಮೇಲೆ ಬಲಗುಂಡಿ ಒತ್ತಿದಾಗ ಬರುವ ಪಟ್ಟಿಯಲ್ಲಿ ಜಿಪ್ ಮಾಡುವ ಸೌಲಭ್ಯ, ವೈರಸ್ ಹುಡುಕುವ ಸೌಲಭ್ಯ ಎಂದೆಲ್ಲ ಸೇರಿರುವುದನ್ನು ಓದುಗರು ನೋಡಿರುತ್ತಾರೆ. ಇವನ್ನು ಷೆಲ್ ಎಕ್ಸ್‌ಟೆನ್ಷನ್ ಎನ್ನುತ್ತಾರೆ. ಇವು ಅತಿಥಿಗಳಂತೆ ಜಗಲಿಯಲ್ಲಿ ಕೂರುವುದಿಲ್ಲ. ನೇರವಾಗಿ ಅಡುಗೆಮನೆಗೆ ಬಂದು, ಎಕ್ಸ್‌ಪ್ಲೋರರಿನ ಸ್ಮೃತಿಯೊಳಗೇ ಕೆಲಸ ಮಾಡುತ್ತವೆ. ಅತಿಥಿಯ ಕೈಯಿಂದ ಒಂದು ಕಿಡಿ ಬಿದ್ದರೆ ಸಾಕು, ಮನೆಯೇ ಹೊತ್ತಿಕೊಳ್ಳುತ್ತದೆ. 1997ರ ಇಂಟರ್ನೆಟ್ ಎಕ್ಸ್‌ಪ್ಲೋರರ್ 4 ಜಾಲತಾಣದ ಪುಟಗಳನ್ನೂ ಡೆಸ್ಕ್‌ಟಾಪಿನೊಳಕ್ಕೆ ಬೆಸೆಯಿತು. ಮನೆಗೆ ಬಾಗಿಲುಗಳು ಹೆಚ್ಚಿದವು, ಗೋಡೆಗಳು ಹೆಚ್ಚಲಿಲ್ಲ.

2001ರ ವಿಂಡೋಸ್ ಎಕ್ಸ್.ಪಿ. ಎನ್.ಟಿ.ಯ ಗಟ್ಟಿತನವನ್ನು ಮನೆಮನೆಗೆ ತಂದಿತು. ಈಗ ಪತ್ರ ಬರೆಯುವ ತಂತ್ರಾಂಶ ಕುಸಿದರೆ ಲೆಕ್ಕದ ತಂತ್ರಾಂಶ ಉಳಿಯುತ್ತಿತ್ತು. ಆದರೆ ಎಕ್ಸ್‌ಪ್ಲೋರರಿನ ಒಳಗೆ ಹಳೆಯ ಕೂಡುಕುಟುಂಬ ಹಾಗೆಯೇ ಮುಂದುವರಿಯಿತು. ಡೆಸ್ಕ್‌ಟಾಪೂ ಫೋಲ್ಡರುಗಳ ಕಿಟಕಿಗಳೂ ಒಂದೇ ಪ್ರಕ್ರಿಯೆಯಲ್ಲಿದ್ದವು. ಕಡತಗಳನ್ನು ನಕಲಿಸುತ್ತಿದ್ದುದೂ ಅದೇ ಪ್ರಕ್ರಿಯೆ. ಹೀಗಾಗಿ ಅದು ಕುಸಿದಾಗ ಡಿಸ್ಕಿನ ಮೇಲಿನ ಕಡತಗಳಿಗೆ ಸಾಮಾನ್ಯವಾಗಿ ಏನೂ ಆಗುತ್ತಿರಲಿಲ್ಲ. ಗುಮಾಸ್ತನಿಗೆ ಮೂರ್ಛೆ ಬಂದರೆ ಕಪಾಟು ಸುಡುವುದಿಲ್ಲವಷ್ಟೆ. ಆದರೆ ಅವನ ಕೈಯಲ್ಲಿದ್ದ ಹಾಳೆಗಳೆಲ್ಲ ನೆಲದ ಪಾಲಾಗುತ್ತಿದ್ದವು. ಕುಸಿದ ಎಕ್ಸ್‌ಪ್ಲೋರರನ್ನು ವ್ಯವಸ್ಥೆಯೇ ಮರಳಿ ಎಬ್ಬಿಸುತ್ತಿತ್ತು. ಹಾಗೆ ಎದ್ದವನಿಗೆ ಹಿಂದಿನ ಕೆಲಸದ ನೆನಪಿರುತ್ತಿರಲಿಲ್ಲ.

ಇದಕ್ಕೆ ಪರಿಹಾರವೂ ಅಲ್ಲಿಯೇ ಇತ್ತೆಂಬುದು ಈ ಚರಿತ್ರೆಯ ವಿಷಾದಕರ ಭಾಗ. ವಿಂಡೋಸ್ 2000 ಮತ್ತು ಎಕ್ಸ್.ಪಿ.ಗಳಲ್ಲಿ ‘ಫೋಲ್ಡರ್ ಆಪ್ಷನ್ಸ್’ ಎಂಬಲ್ಲಿಗೆ ಹೋಗಿ, ‘ವ್ಯೂ’ ಎಂಬ ಹಾಳೆಯನ್ನು ತೆರೆದರೆ ಒಂದು ಉದ್ದನೆಯ ಪಟ್ಟಿ ಬರುತ್ತಿತ್ತು. ಫೋಲ್ಡರುಗಳ ಕಿಟಕಿಗಳನ್ನು ಪ್ರತ್ಯೇಕ ಪ್ರಕ್ರಿಯೆಯಲ್ಲಿ ತೆರೆಯಬೇಕೆಂಬ ಆಯ್ಕೆ ಆ ಪಟ್ಟಿಯಲ್ಲಿ ಒಂದು ಸಾಲು. ಅದರ ಪಕ್ಕದ ಚೌಕದಲ್ಲಿ ಗುರುತು ಹಾಕಿದರೆ ಡೆಸ್ಕ್‌ಟಾಪಿನ ಪ್ರಕ್ರಿಯೆಯಿಂದ ಫೋಲ್ಡರಿನ ಕಿಟಕಿ ಬೇರ್ಪಡುತ್ತಿತ್ತು. ಕಿಟಕಿ ಕುಸಿದರೂ ಡೆಸ್ಕ್‌ಟಾಪ್ ನಿಲ್ಲುತ್ತಿತ್ತು. ಆದರೆ ಯಂತ್ರ ಕೈಗೆ ಬಂದಾಗ ಆ ಚೌಕ ಖಾಲಿಯಾಗಿರುತ್ತಿತ್ತು. ಹೆಚ್ಚುವರಿ ಪ್ರಕ್ರಿಯೆಗೆ ಹೆಚ್ಚುವರಿ ಸ್ಮೃತಿ ಬೇಕು, ಕಿಟಕಿ ತೆರೆಯಲು ತುಸು ಹೆಚ್ಚು ಹೊತ್ತು ಬೇಕು. ವೇಗ ಎಲ್ಲರ ಕಣ್ಣಿಗೂ ಬೀಳುತ್ತದೆ, ಸ್ಥಿರತೆಯು ಕೈಕೊಟ್ಟ ದಿನ ಮಾತ್ರ ನೆನಪಾಗುತ್ತದೆ. ಆ ಸಾಲಿನ ಅರ್ಥ ಬಲ್ಲವರು ಗುರುತು ಹಾಕಿಕೊಂಡರು. ಯಾರಿಗೆ ಆ ರಕ್ಷಣೆ ಎಲ್ಲರಿಗಿಂತ ಹೆಚ್ಚು ಬೇಕಾಗಿತ್ತೋ ಅವರು ಆ ಪಟ್ಟಿಯನ್ನು ತೆರೆದು ನೋಡುವವರೇ ಆಗಿರಲಿಲ್ಲ.

ಕಟ್ಟಿದವರನ್ನು ಹಳಿಯುವುದು ಸುಲಭ. ಆದರೆ ಅದು ನ್ಯಾಯವಲ್ಲ. ಗೋಡೆಗೆ ಬೆಲೆಯಿದೆ ಎಂಬುದನ್ನು ಅವರು ಅರಿತಿದ್ದರು. ಅಷ್ಟು ಜಾಗ್ರತೆಯಿಂದ ಕಟ್ಟಿದ ಎನ್.ಟಿ.ಯಲ್ಲಿಯೂ 1996ರ 4.0 ಆವೃತ್ತಿಗೆ ಬರುವಾಗ ಚಿತ್ರ ಬಿಡಿಸುವ ಭಾಗವನ್ನು ವೇಗಕ್ಕಾಗಿ ವ್ಯವಸ್ಥೆಯ ತಿರುಳಿನೊಳಕ್ಕೆ ಸರಿಸಿದರು. ಅದು ಅಜ್ಞಾನವಲ್ಲ, ಚೌಕಾಸಿ.

ಸ್ಮೃತಿ ಅಗ್ಗವಾದಂತೆ ಚೌಕಾಸಿಯ ತಕ್ಕಡಿ ಇನ್ನೊಂದು ಕಡೆಗೆ ವಾಲಿತು. 2007ರ ಜನವರಿಯಲ್ಲಿ ಜನರ ಕೈಗೆ ಬಂದ ವಿಂಡೋಸ್ ವಿಸ್ಟಾ, ಕಡತಗಳ ಕಿರುಚಿತ್ರಗಳನ್ನೂ ಮುನ್ನೋಟವನ್ನೂ ಸಿದ್ಧಪಡಿಸುವ ಹೊರಗಿನ ತುಣುಕುಗಳನ್ನು ಬೇರೆ ಪ್ರಕ್ರಿಯೆಗಳಲ್ಲಿ ಕೂರಿಸಿತು. ಕಾಮ್ ಸರೊಗೇಟ್ ನಿಂತುಹೋಗಿದೆ ಎಂಬ ಸಂದೇಶವನ್ನು ಕಂಡು ಗಾಬರಿಯಾದವರು ನಮ್ಮಲ್ಲಿ ಅನೇಕರಿದ್ದಾರೆ. ವಾಸ್ತವದಲ್ಲಿ ಅದು ಸಮಾಧಾನದ ಸುದ್ದಿ: ಎಕ್ಸ್‌ಪ್ಲೋರರಿನ ಬದಲಿಗೆ ಒಬ್ಬ ಬದಲಿ ಆಳು ಬಿದ್ದಿದ್ದಾನೆ ಎಂದು ಅದರ ಅರ್ಥ. 2008ರ ಸೆಪ್ಟೆಂಬರಿನಲ್ಲಿ ಬಂದ ಗೂಗಲ್ ಕ್ರೋಮ್ ಈ ತತ್ತ್ವವನ್ನೇ ತನ್ನ ಹೆಗ್ಗಳಿಕೆಯಾಗಿಸಿಕೊಂಡಿತು. ಟ್ಯಾಬುಗಳನ್ನು ಬೇರೆ ಬೇರೆ ಪ್ರಕ್ರಿಯೆಗಳಿಗೆ ಹಂಚಿ, ಒಂದು ಪುಟ ಕುಸಿದರೂ ಉಳಿದವು ನಿಲ್ಲುವಂತೆ ಮಾಡಿತು. ಹಾಗೇಕೆಂದು ವಿವರಿಸಲು ಸ್ಕಾಟ್ ಮೆಕ್‌ಕ್ಲೌಡ್ ಅವರಿಂದ ಒಂದು ಚಿತ್ರಕಥೆಯನ್ನೇ ಬರೆಯಿಸಿತು. 2009ರ ಇಂಟರ್ನೆಟ್ ಎಕ್ಸ್‌ಪ್ಲೋರರ್ 8 ಕೂಡ ಅದೇ ದಾರಿ ಹಿಡಿಯಿತು. ಹಿಂದೆ ಪಟ್ಟಿಯ ಮೂಲೆಯಲ್ಲಿದ್ದ ಆಯ್ಕೆ ಈಗ ಯಾರೂ ಕೇಳದೆಯೇ ಸಿಗುವ ಸೌಲಭ್ಯವಾಯಿತು.

ಆದರೂ ಕಥೆ ಮುಗಿದಿಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಂಸ್ಥೆ ಕಳುಹಿಸಿದ ಒಂದು ದೋಷಯುಕ್ತ ಕಡತದಿಂದ, ಮೈಕ್ರೋಸಾಫ್ಟಿನ ಅಂದಾಜಿನಂತೆ ಸುಮಾರು 85 ಲಕ್ಷ ಯಂತ್ರಗಳು ಕುಸಿದವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿಯೂ ಕೈಬರಹದ ಬೋರ್ಡಿಂಗ್ ಪಾಸುಗಳನ್ನು ಕೊಟ್ಟರು. ಆ ತಂತ್ರಾಂಶ ಓಡುತ್ತಿದ್ದುದು ಸಾಮಾನ್ಯ ಪ್ರಕ್ರಿಯೆಯಾಗಿ ಅಲ್ಲ, ವ್ಯವಸ್ಥೆಯ ತಿರುಳಿನೊಳಗೆ. ಅಲ್ಲಿ ಅದನ್ನು ಬೇರ್ಪಡಿಸುವ ಗೋಡೆಯಿರಲಿಲ್ಲ. ಮತ್ತೆ ಅದೇ ಅತಿಥಿ, ಅದೇ ಅಡುಗೆಮನೆ.

ರಾಯರು ನಿವೃತ್ತರಾಗಿ ಬಹಳ ವರ್ಷಗಳಾದವು. ಅವರ ಯಂತ್ರದಲ್ಲಿ ಅಂದು ಎಡವಿದ್ದು ಸ್ಕ್ಯಾನರಿನೊಂದಿಗೆ ಬಂದ ಒಂದು ಹೊರ ತುಣುಕು ಎಂದು ಆಮೇಲೆ ಯಂತ್ರ ರಿಪೇರಿಗೆ ಬಂದ ಹುಡುಗ ಹೇಳಿದ. ಅದನ್ನು ತೆಗೆದುಹಾಕಿದ ಮೇಲೆ ಆ ತೊಂದರೆ ಮರುಕಳಿಸಲಿಲ್ಲ. ಬಲಗುಂಡಿ ಒತ್ತಿದ್ದು ತಪ್ಪಾಗಿರಲಿಲ್ಲ. ಒತ್ತುವುದಕ್ಕೆಂದೇ ಇದ್ದ ಗುಂಡಿ ಅದು. ಆದರೆ ಆ ಹೊತ್ತಿಗೆ ಟಿಪ್ಪಣಿ ಮೇಲಕ್ಕೆ ಹೋಗಿ, ‘ನೋಡಲಾಗಿದೆ’ ಎಂಬ ಷರಾದೊಂದಿಗೆ ಮರಳಿ, ಕಡತ ಸೇರಿಯಾಗಿತ್ತು. ಅದರ ಕೆಳಗೆ ಇನ್ನೊಂದು ಸಾಲು ಬರೆಯಬೇಕೆಂದು ನಮಗೆ ಅಂದು ತೋಚಲಿಲ್ಲ. ಸರ್ಕಾರಿ ಕಡತದಲ್ಲಿ ಇಪ್ಪತ್ತು ವರ್ಷ ತಡವಾಗಿ ಟಿಪ್ಪಣಿ ಸೇರಿಸುವ ಅವಕಾಶವಿಲ್ಲ. ಆದಕಾರಣ ಅದನ್ನು ಇಲ್ಲಿ ಬರೆಯುತ್ತಿದ್ದೇವೆ: ಕೆಲಸ ತಡವಾದುದು ಗುಮಾಸ್ತರ ತಪ್ಪಿನಿಂದಲ್ಲ.