ತುಂಡಾದ ಪ್ರತಿಯ ಓದು: ಬಯಾಸ್ ನವೀಕರಣ ವಿಫಲವಾದ ಮದರ್‌ಬೋರ್ಡಿನ ದುರಸ್ತಿ ಕುರಿತು

ಗಣಕವನ್ನು ಚಾಲೂ ಮಾಡುವ ಬಯಾಸ್ ತಂತ್ರಾಂಶ ಇರುವುದು ಮದರ್‌ಬೋರ್ಡಿನ ಮೇಲೆ ಬೆಸುಗೆಯಾಗಿರುವ, ಸಾಮಾನ್ಯವಾಗಿ ಎಂಟು ಕಾಲಿನ, ಒಂದು ಪುಟ್ಟ ಫ್ಲ್ಯಾಷ್ ಚಿಪ್ಪಿನಲ್ಲಿ. ವಿದ್ಯುತ್ ಬಂದೊಡನೆ ಇಂಟೆಲ್ ಮಾದರಿಯ ಪ್ರೊಸೆಸರ್ ತನ್ನ ಮೊದಲ ಆದೇಶವನ್ನು 4 ಗಿಗಾಬೈಟ್ ವಿಳಾಸದ ಎಲ್ಲೆಗಿಂತ 16 ಬೈಟ್ ಕೆಳಗಿನಿಂದ ಓದುತ್ತದೆ. ಆ ಜಾಗ ಚಿಪ್ಪಿನ ಬಯಾಸ್ ಭಾಗದ ತುತ್ತತುದಿಗೆ ಹೊಂದಿಕೊಂಡಿರುತ್ತದೆ. ಬೂಟ್‌ಬ್ಲಾಕ್ ಎಂಬ ಆರಂಭಭಾಗ ಇರುವುದೂ ಅಲ್ಲಿಯೇ. ನವೀಕರಣ ನಡುವೆಯೇ ನಿಂತು ಆ ತುದಿ ಖಾಲಿ ಉಳಿದರೆ ಫ್ಯಾನ್ ತಿರುಗುತ್ತದೆ, ಪರದೆಯ ಮೇಲೆ ಏನೂ ಮೂಡುವುದಿಲ್ಲ. ದುರಸ್ತಿಗಾರರ ಮಾತಿನಲ್ಲಿ ಅದು ‘ಡೆಡ್ ಬೋರ್ಡ್’.

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಲ್ಲಿ ಈ ತೊಂದರೆಯ ಭಾರ ದೊಡ್ಡ ನಗರದಲ್ಲಿರುವುದಕ್ಕಿಂತ ಹೆಚ್ಚು. ಭೂದಾಖಲೆಗಳ ಭೂಮಿ ಯೋಜನೆ ಬಂದ ಮೇಲೆ ತಾಲ್ಲೂಕು ಕೇಂದ್ರಗಳಲ್ಲಿ ಜಮೀನಿನ ಉತಾರ ಗಣಕದಿಂದಲೇ ಹೊರಬರುತ್ತದೆ. ಒಂದು ಯಂತ್ರ ನಿಂತರೆ ಸಾಲಿನಲ್ಲಿ ನಿಂತ ರೈತ ಬರಿಗೈಯಲ್ಲಿ ಊರಿಗೆ ಮರಳಬೇಕು. ಈ ಊರುಗಳಿಂದ ಜಿಲ್ಲಾ ಕೇಂದ್ರ ಸುಮಾರು 40ರಿಂದ 80 ಕಿಲೋಮೀಟರ್ ದೂರ. ಆಲಮಟ್ಟಿಯ 290 ಮೆಗಾವ್ಯಾಟ್ ಜಲವಿದ್ಯುದಾಗಾರವೂ ಕೂಡಗಿಯ 2,400 ಮೆಗಾವ್ಯಾಟ್ ಶಾಖೋತ್ಪನ್ನ ಸ್ಥಾವರವೂ ಇದೇ ಸೀಮೆಯಲ್ಲಿವೆ. ಆದರೆ ಅಡ್ಡಮಳೆಯ ಗಾಳಿಗೆ ಕಂಬ ಉರುಳಿ ನವೀಕರಣದ ನಡುವೆ ಕರೆಂಟ್ ಹೋಗುವುದಕ್ಕೂ ಉತ್ಪಾದನೆಯ ಪ್ರಮಾಣಕ್ಕೂ ಸಂಬಂಧವಿಲ್ಲ.

ಒಮ್ಮತವಿರುವ ಸಂಗತಿಗಳನ್ನು ಇಲ್ಲಿ ಬೇಗ ಹೇಳಿ ಮುಗಿಸಬಹುದು. 1999ರ ಏಪ್ರಿಲ್ 26ರಂದು ಸಿಐಎಚ್ ವೈರಸ್ ಬಯಾಸ್ ಚಿಪ್ಪಿನ ಮೇಲೆಯೇ ಕಸ ಬರೆದಾಗ, ಬರಿಯ ತಂತ್ರಾಂಶದಿಂದ ಬೋರ್ಡ್ ನಿಲ್ಲಿಸಬಹುದೆಂಬುದು ಲೋಕಕ್ಕೆಲ್ಲ ತಿಳಿಯಿತು. ಬೂಟ್‌ಬ್ಲಾಕ್ ಒಂದು ಉಳಿದಿದ್ದರೆ ಹಳೆಯ ಅವಾರ್ಡ್ ಬಯಾಸ್ ಫ್ಲಾಪಿಯಿಂದ ಚೇತರಿಸಿಕೊಳ್ಳುತ್ತಿತ್ತು. ಎಎಂಐ ಬಯಾಸ್ ಕಂಟ್ರೋಲ್ ಮತ್ತು ಹೋಮ್ ಕೀಲಿಗಳನ್ನು ಒತ್ತಿದಾಗ ನಿಗದಿತ ಹೆಸರಿನ ಫೈಲನ್ನು ಹುಡುಕುತ್ತಿತ್ತು. ಗಿಗಾಬೈಟ್ ಕಂಪನಿಯ ಡ್ಯುಯಲ್ ಬಯಾಸ್‌ನಲ್ಲಿ ಎರಡು ಪ್ರತಿಗಳಿವೆ. ಆಸುಸ್ ಕಂಪನಿಯ ಫ್ಲ್ಯಾಷ್‌ಬ್ಯಾಕ್ ಗುಂಡಿ ಪ್ರೊಸೆಸರ್ ಇಲ್ಲದೆಯೂ ಪೆನ್‌ಡ್ರೈವ್‌ನಿಂದ ಚಿಪ್ಪನ್ನು ತುಂಬುತ್ತದೆ. ಈ ಸೌಲಭ್ಯಗಳಿದ್ದರೆ ಮೊದಲು ಅವನ್ನೇ ಬಳಸಬೇಕು. ಸೀಮಾಸ್ ಸೆಲ್ ತೆಗೆದು ಹಾಕುವುದರಿಂದ ಹಾನಿಯಿಲ್ಲ, ಆದರೆ ಅಳಿದುಹೋದ ಬರಹ ಅದರಿಂದ ಮರಳುವುದಿಲ್ಲ.

ಭಿನ್ನಾಭಿಪ್ರಾಯ ಹುಟ್ಟುವುದು ಈ ಯಾವ ದಾರಿಯೂ ಇಲ್ಲದ ಬೋರ್ಡಿನ ವಿಷಯದಲ್ಲಿ. ಅಮೆರಿಕದ ನಿಸ್ಟ್ ಸಂಸ್ಥೆ 2011ರಲ್ಲಿ ಪ್ರಕಟಿಸಿದ 800-147 ಮಾರ್ಗಸೂಚಿ ಬಯಾಸನ್ನು ಮುಖ್ಯವಾಗಿ ಅನಧಿಕೃತ ಬದಲಾವಣೆಯಿಂದ ಕಾಪಾಡಬೇಕಾದ ತಂತ್ರಾಂಶವೆಂದು ನೋಡಿತು. 2018ರ 800-193 ಚೇತರಿಕೆಯನ್ನೂ, ತಂತ್ರಾಂಶದ ಜೊತೆಗಿರುವ ನಿರ್ಣಾಯಕ ದತ್ತಾಂಶವನ್ನೂ ಗಣಿಸಿತು. ಆದರೆ ಅದು ಹೇಳುವುದು ತಯಾರಕರೇ ಬೋರ್ಡಿನೊಳಗೆ ಅಳವಡಿಸಬೇಕಾದ ವ್ಯವಸ್ಥೆಯನ್ನು. ಅಂಥ ವ್ಯವಸ್ಥೆಯಿಲ್ಲದ ಹಳೆಯ ಬೋರ್ಡು ಮೇಜಿನ ಮೇಲಿದ್ದಾಗ ರೂಢಿಯಲ್ಲಿರುವ ಪರಿಹಾರ ಒಂದೇ: ತಯಾರಕರ ಜಾಲತಾಣದ ಫೈಲನ್ನು ಪ್ರೋಗ್ರಾಮರ್ ಎಂಬ ಚಿಪ್ಪು ಬರೆಯುವ ಸಾಧನದ ಮೂಲಕ ಇಡೀ ಚಿಪ್ಪಿಗೆ ಹೊಡೆಯುವುದು. ಒಂದು ಮಾದರಿಯ ಬೋರ್ಡುಗಳಿಗೆಲ್ಲ ಸರಿಯಾದ ಬರಹ ಒಂದೇ ಎಂಬ ಊಹೆ ಇದರ ಹಿಂದಿದೆ. ಆ ಊಹೆ ತಪ್ಪು.

8 ಮೆಗಾಬೈಟಿನ 25ಕ್ಯೂ64 ವರ್ಗದ ಚಿಪ್ಪನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಇಂಟೆಲ್ ಬೋರ್ಡಿನಲ್ಲಿ ಅದರ ಮೊದಲ 4 ಕಿಲೋಬೈಟ್ ಡಿಸ್ಕ್ರಿಪ್ಟರ್, ಅಂದರೆ ಯಾವ ಭಾಗ ಎಲ್ಲಿದೆ ಎಂಬ ಅನುಕ್ರಮಣಿಕೆ. ಚಿಪ್‌ಸೆಟ್ಟಿನೊಳಗಿನ ಮ್ಯಾನೇಜ್‌ಮೆಂಟ್ ಎಂಜಿನ್ ಎಂಬ ಪುಟ್ಟ ನಿಯಂತ್ರಕಕ್ಕೆ ಒಂದು ಭಾಗ, ಬಯಾಸ್‌ಗೆ ಒಂದು ಭಾಗ. ಇಂಟೆಲ್ ನೆಟ್‌ವರ್ಕ್ ಇದ್ದರೆ ಮ್ಯಾಕ್ ವಿಳಾಸ ಹೊತ್ತ ಇನ್ನೊಂದು ಪುಟ್ಟ ಭಾಗ. ಬಯಾಸ್ ಭಾಗದೊಳಗೇ ಯಂತ್ರದ ಸರಣಿ ಸಂಖ್ಯೆ ಇರಬಹುದು. ವಿಂಡೋಸ್ 8ರ ಕಾಲದಿಂದ ಕಾರ್ಖಾನೆಯಲ್ಲಿ ತುಂಬಿದ ವಿಂಡೋಸ್ ಕೀಲಿಯೂ ಇರಬಹುದು. ಇವು ಆ ಒಂದು ಬೋರ್ಡಿಗೆ ಮಾತ್ರ ಸೇರಿದವು, ತಯಾರಕರ ಫೈಲಿನಲ್ಲಿ ಇರುವುದಿಲ್ಲ. ಆದ್ದರಿಂದ ದುರಸ್ತಿಯ ಮೊದಲ ಕೆಲಸ ಓದುವುದು, ಬರೆಯುವುದಲ್ಲ. ಫ.ಗು. ಹಳಕಟ್ಟಿಯವರು ವಚನಗಳ ತಾಳೆಗರಿಗಳನ್ನು ಕೂಡಿಹಾಕಿ ಅಚ್ಚಿಗೆ ತಂದ ಜಿಲ್ಲೆಯಲ್ಲಿ ಈ ಮಾತನ್ನು ಬಹಳ ವಿವರಿಸಬೇಕಿಲ್ಲ: ಗರಿ ಕಳೆದುಹೋದ ಕಟ್ಟನ್ನು ಯಾರೂ ಎಸೆಯುವುದಿಲ್ಲ, ಕಳೆದ ಭಾಗವನ್ನು ಪ್ರತ್ಯಂತರದಿಂದ ತುಂಬಿಕೊಳ್ಳುತ್ತಾರೆ.

ಇಲ್ಲಿಂದ ಒಂದು ಹೆಜ್ಜೆ ಮುಂದಿಡಲು ಅವಕಾಶವಿದೆ. ಚಿಪ್ಪಿನಲ್ಲಿ ಉಳಿದ ತುಂಡು ಬರಹ ಅಪಘಾತ ಹೇಗಾಯಿತೆಂಬುದಕ್ಕೂ ಸಾಕ್ಷಿಯಾಗಬಲ್ಲದು. ಫ್ಲ್ಯಾಷ್ ಚಿಪ್ಪು ಅಳಿಸಿದಾಗ ಪ್ರತಿ ಬಿಟ್ 1 ಆಗುತ್ತದೆ, ಬೈಟ್ ಎಫ್‌ಎಫ್ ಎಂದು ಕಾಣುತ್ತದೆ. ಬರೆಯುವಾಗ 1 ಅನ್ನು 0 ಮಾಡಬಹುದು, ತಿರುಗಿ 1 ಮಾಡಲು ಮತ್ತೆ ಅಳಿಸಲೇಬೇಕು. ಅಳಿಸುವುದು 4 ಅಥವಾ 64 ಕಿಲೋಬೈಟಿನ ತುಂಡುಗಳಲ್ಲಿ, ಬರೆಯುವುದು 256 ಬೈಟಿನ ಪುಟಗಳಲ್ಲಿ. ಆದಕಾರಣ ಹೊಸ ಬರಹ 256ರ ಗುಣಕವಾಗಿದ್ದು 4,096ರ ಗುಣಕವಲ್ಲದ ಸ್ಥಾನದಲ್ಲಿ ನಿಂತು, ಮುಂದೆ ಎಫ್‌ಎಫ್ ಸಾಲು ಹಿಡಿದಿದ್ದರೆ, ಬರೆಯುತ್ತಿರುವಾಗಲೇ ವಿದ್ಯುತ್ ಕಡಿದಿದೆ ಎಂದು ಊಹಿಸಬಹುದು. ಚಿಪ್ಪು ಬೇರೆ ಬೋರ್ಡಿನ ಫೈಲಿಗೆ ಆದಿಯಿಂದ ಅಂತ್ಯದವರೆಗೆ ಹೊಂದಿದರೆ ತಪ್ಪು ಫೈಲಿನದು, ಕರೆಂಟಿನದಲ್ಲ.

ಈ ಊಹೆಗೆ ಮಿತಿಗಳು ಹಲವು. ತಯಾರಕರ ಫೈಲಿನಲ್ಲಿಯೇ ಎಫ್‌ಎಫ್ ತುಂಬಿದ ಖಾಲಿ ಜಾಗಗಳಿರುತ್ತವೆ. ಅದೇ ಆವೃತ್ತಿಯ ಫೈಲಿನ ಜೊತೆ ಹೋಲಿಸದೆ ತೀರ್ಮಾನಕ್ಕೆ ಬರುವಂತಿಲ್ಲ. ಕೆಲವು ನವೀಕರಣ ತಂತ್ರಾಂಶಗಳು ಬದಲಾಗದ ತುಂಡುಗಳನ್ನು ಬಿಟ್ಟು ಮುಂದೆ ಹೋಗುತ್ತವೆ. ಬರೆಯುವ ಕ್ರಮವೂ ಎಲ್ಲವುಗಳಲ್ಲಿ ಒಂದೇ ಅಲ್ಲ. ಅಳಿಸುವಾಗಲೇ ವಿದ್ಯುತ್ ಹೋದರೆ ಬಿಟ್‌ಗಳು ನಡುವಿನ ಸ್ಥಿತಿಯಲ್ಲಿ ಉಳಿದು ಓದಿದಾಗಲೆಲ್ಲ ಬೇರೆ ಬೇರೆಯಾಗಿ ಕಾಣಬಹುದು. ಹೀಗಿದ್ದರೂ ಸಾಕ್ಷ್ಯವನ್ನು ಹುಡುಕಲು ಬಲವಾದ ಕಾರಣವೊಂದಿದೆ. 8 ಮೆಗಾಬೈಟ್ ಎಂದರೆ 64 ಕಿಲೋಬೈಟಿನ 128 ತುಂಡು; ಒಂದನ್ನು ಅಳಿಸಲು ಸಾಮಾನ್ಯವಾಗಿ ಸುಮಾರು 150 ಮಿಲಿಸೆಕೆಂಡ್ ಬೇಕು, ಒಟ್ಟು 19 ಸೆಕೆಂಡ್. 32,768 ಪುಟಗಳಿಗೆ ತಲಾ 0.7 ಮಿಲಿಸೆಕೆಂಡಿನಂತೆ 23 ಸೆಕೆಂಡ್. ಹಲವು ನಿಮಿಷ ಹಿಡಿಯುವ ನವೀಕರಣದಲ್ಲಿ ಚಿಪ್ಪು ನಿಜವಾಗಿ ಅಪಾಯದಲ್ಲಿರುವುದು ಒಂದು ನಿಮಿಷದ ಆಸುಪಾಸು. ‘ಕರೆಂಟ್ ಹೋಯಿತು’ ಎಂಬ ಹೇಳಿಕೆ ಎಷ್ಟು ಸಹಜವಾಗಿ ಕೇಳಿದರೂ ಚಿಪ್ಪಿನ ಸಾಕ್ಷ್ಯವಿಲ್ಲದೆ ಅದನ್ನು ಒಪ್ಪಬೇಕಾಗಿಲ್ಲ; ತಪ್ಪು ಫೈಲಾಗಿದ್ದರೆ ಯುಪಿಎಸ್ ಕೊಂಡರೂ ಅದೇ ಅಪಘಾತ ಮರುಕಳಿಸುತ್ತದೆ.

ಓದುವ ಕ್ರಮದಲ್ಲಿ ಅವಸರ ಸಲ್ಲದು. ಎಸ್‌ಎಂಪಿಎಸ್ ಕೇಬಲ್ ಕಿತ್ತು, ಸೆಲ್ ತೆಗೆದು, ಚಿಪ್ಪಿನ ಮೇಲಿನ ಅಕ್ಷರಗಳನ್ನು ಭೂತಗನ್ನಡಿಯಲ್ಲಿ ನೋಡಬೇಕು. 3.3 ವೋಲ್ಟಿನದೋ 1.8 ವೋಲ್ಟಿನದೋ ಎಂಬುದು ಅಲ್ಲಿಂದಲೇ ತಿಳಿಯುವುದು, 1.8ರ ಚಿಪ್ಪಿಗೆ ಅಡಾಪ್ಟರ್ ಇಲ್ಲದೆ ಪ್ರೋಗ್ರಾಮರ್‌ನ ಕ್ಲಿಪ್ ಹಾಕಿದರೆ ಚಿಪ್ಪೇ ಸುಡಬಹುದು. ಅಗ್ಗದ ಸಿಎಚ್341ಎ ಪ್ರೋಗ್ರಾಮರ್‌ನ ಕಪ್ಪು ಮಾದರಿ ಚಿಪ್ಪಿಗೆ 3.3 ವೋಲ್ಟ್ ಕೊಟ್ಟರೂ ಸಂಕೇತದ ತಂತಿಗಳಿಗೆ 5 ವೋಲ್ಟ್ ಹರಿಸುವ ದೋಷ ಹೊಂದಿದೆ. ಮೀಟರ್ ಹಿಡಿದು ಅಳೆದ ಮೇಲೆಯೇ ಅದನ್ನು ಬಳಸುವುದು ಕ್ಷೇಮ. ಕ್ಲಿಪ್ಪಿನ ಮೂಲಕ ಹೋದ ವಿದ್ಯುತ್ ಬೋರ್ಡಿನ ಚಿಪ್‌ಸೆಟ್ಟನ್ನೂ ಅರೆಬರೆ ಎಚ್ಚರಿಸುವುದರಿಂದ ಓದು ಕೆಡುವುದುಂಟು. ಮೂರು ಸಲ ಡಂಪ್, ಅಂದರೆ ಚಿಪ್ಪಿನ ಬರಹದ ಪ್ರತಿ, ತೆಗೆದು ಮೂರೂ ಒಂದೇ ಆಗಿದ್ದರೆ ಮಾತ್ರ ಅದು ನಂಬಲರ್ಹ. ಇಲ್ಲದಿದ್ದರೆ ಹಾಟ್ ಏರ್‌ನಿಂದ ಚಿಪ್ಪನ್ನು ಎತ್ತಿ ಪ್ರತ್ಯೇಕವಾಗಿ ಓದಬೇಕು.

ತುಂಬುವ ಹಂತದಲ್ಲಿ ಡಿಸ್ಕ್ರಿಪ್ಟರ್, ಮ್ಯಾಕ್ ವಿಳಾಸ, ಸರಣಿ ಸಂಖ್ಯೆ, ಕೀಲಿಗಳನ್ನು ಹಳೆಯ ಡಂಪಿನಿಂದಲೂ ಹಾಳಾದ ತಂತ್ರಾಂಶವನ್ನು ತಯಾರಕರ ಫೈಲಿನಿಂದಲೂ ಪಡೆಯಬೇಕು. ಆಸುಸ್ ಕಂಪನಿಯ ಕ್ಯಾಪ್ ಫೈಲಿಗೆ ಸಾಮಾನ್ಯವಾಗಿ 2,048 ಬೈಟಿನ ತಲೆಭಾಗವಿರುತ್ತದೆ. ಅದನ್ನು ಕತ್ತರಿಸದೆ ಬರೆದರೆ ಬರಹವೆಲ್ಲ ಅಷ್ಟು ಜರುಗಿ ಬೋರ್ಡ್ ಮತ್ತೆ ಮೌನವಾಗುತ್ತದೆ. ಬರೆದ ಬಳಿಕ ಇನ್ನೊಮ್ಮೆ ಓದಿ ಹೋಲಿಸಿದಾಗಲೇ ಕೆಲಸ ಮುಗಿಯುವುದು.

ಈ ಕ್ರಮಕ್ಕೆ ಒಳಪಡದ ಬೋರ್ಡುಗಳೂ ಇವೆ. 2013ರ ಇಂಟೆಲ್ ಹ್ಯಾಸ್‌ವೆಲ್ ಪೀಳಿಗೆಯಿಂದ ಬಂದ ಬೂಟ್ ಗಾರ್ಡ್ ಸಕ್ರಿಯವಾಗಿದ್ದರೆ ಆರಂಭಭಾಗದ ಸಹಿ ತಾಳೆಯಾಗದ ಬರಹವನ್ನು ಬೋರ್ಡ್ ಒಪ್ಪುವುದಿಲ್ಲ. ತಯಾರಕರ ಬೂಟ್‌ಬ್ಲಾಕನ್ನು ಒಂದಕ್ಷರವೂ ಬದಲಿಸದೆ ಇಡಬೇಕಾಗುತ್ತದೆ. ಮ್ಯಾನೇಜ್‌ಮೆಂಟ್ ಎಂಜಿನ್ ಭಾಗವೇ ತುಂಡಾಗಿದ್ದಾಗ ಇನ್ನೊಂದು ಬೋರ್ಡಿನಿಂದ ಅದನ್ನು ತಂದರೆ ಯಂತ್ರ ಚಾಲೂ ಆಗಬಹುದು, ಆದರೆ ಆ ಭಾಗದಲ್ಲಿ ಅದು ಮೊದಲಿದ್ದ ಯಂತ್ರದ ಸ್ಥಿತಿಯೂ ಬರೆದಿರುತ್ತದೆ. ಅದಕ್ಕೆ ಕಾರ್ಖಾನೆಯ ಆರಂಭಸ್ಥಿತಿಯ ಪ್ರತಿಯೇ ಬೇಕು. ಹಳೆಯ ಬರಹ ಮರಳದಂತೆ ಎಣಿಕೆ ಇಡುವ ಹೊಸ ಬಗೆಯ ಚಿಪ್ಪುಗಳು ಚಿಪ್‌ಸೆಟ್ಟಿನೊಡನೆ ಜೋಡಿಯಾಗಿರುತ್ತವೆ. ಅಲ್ಲಿ ಡಂಪಿನಲ್ಲಿ ಕಾಣುವ ಬೈಟುಗಳಷ್ಟೇ ಚಿಪ್ಪಿನ ಪೂರ್ಣ ಬರಹವಲ್ಲ. ಅಂಥ ಬೋರ್ಡಿನ ತುಂಡು ಪ್ರತಿಯನ್ನು ಹೇಗೆ ಪೂರ್ಣಗೊಳಿಸಬೇಕೆಂಬ ಪ್ರಶ್ನೆ ಇನ್ನೂ ತೆರೆದೇ ಇದೆ.