ಸೋಯಾ ಅವರೆ: ಬರ ಮತ್ತು ಉಪ್ಪು ಸಹಿಷ್ಣುತೆಯ ಜೀನ್‌ಗಳು

ಬರ ಅಥವಾ ಉಪ್ಪಿನ ಒತ್ತಡ ಬಿದ್ದಾಗ ಇತರ ಜೀನ್‌ಗಳನ್ನು ಚಾಲೂ ಮಾಡುವ ಇಲ್ಲವೇ ತಡೆಯುವ ಪ್ರೋಟೀನುಗಳೇ ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್‌ಗಳು. ಸೋಯಾ ಅವರೆಯಲ್ಲಿ ಡ್ರೆಬ್, ನ್ಯಾಕ್, ವರ್ಕಿ, ಮಿಬ್ ಕುಟುಂಬಗಳು ಮುಖ್ಯ. 2010ರಲ್ಲಿ ಪ್ರಕಟವಾದ ಸೋಯಾ ಜೀನೋಮ್ (ಇಡೀ ಜೀನ್ ಸಮೂಹ) 20 ಜೋಡಿ ವರ್ಣತಂತುಗಳದು. ಈ ಜೀನೋಮ್ ಪ್ರಾಚೀನ ಕಾಲದಲ್ಲಿ ಎರಡು ಸಲ ಇಮ್ಮಡಿಯಾದ್ದರಿಂದ ಹೆಚ್ಚಿನ ಜೀನ್‌ಗಳಿಗೆ ಒಂದಕ್ಕಿಂತ ಹೆಚ್ಚು ಪ್ರತಿಗಳಿವೆ. ಒಂದನ್ನು ಕೆಡಿಸಿದರೂ ಇನ್ನೊಂದು ಕೆಲಸ ಮಾಡುವುದರಿಂದ ಸಂಶೋಧನೆ ಕಷ್ಟ.

ಅಡಿಲೇಡ್ ವಿಶ್ವವಿದ್ಯಾಲಯದ ಮ್ಯಾಥ್ಯೂ ಗಿಲಿಯಂ ಮತ್ತು ಚೀನಾದ ಲಿಜುವಾನ್ ಚಿಯು ಅವರ ತಂಡಗಳು 2014ರಲ್ಲಿ ವಿವರಿಸಿದ ಜಿಎಂ-ಸಾಲ್ಟ್3 ಎಂಬ ಜೀನ್ ಉಪ್ಪು ಸಹಿಷ್ಣುತೆಯಲ್ಲಿ ಬಹಳ ಮಹತ್ವದ್ದು. ಇದು ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್ ಅಲ್ಲ, ಅಯಾನು ಸಾಗಿಸುವ ಪ್ರೋಟೀನಿನ ಜೀನ್. ಬೇರಿನ ನಾಳಗಳ ಸುತ್ತಲಿನ ಕೋಶಗಳಲ್ಲಿ ಇದು ದುಡಿಯುತ್ತದೆ. ಇದು ಸರಿಯಿದ್ದರೆ ಕಾಂಡ, ಎಲೆಗಳಿಗೆ ಏರುವ ಸೋಡಿಯಂ ತಗ್ಗುತ್ತದೆ. ಉಪ್ಪು ತಾಳುವ ಟಿಯೆಫೆಂಗ್ 8 ತಳಿಯಲ್ಲಿ ಜೀನ್ ಪೂರ್ಣವಾಗಿದೆ. ಉಪ್ಪು ತಾಳದ 85-140 ತಳಿಯಲ್ಲಿ ಸುಮಾರು 3,780 ಅಕ್ಷರಗಳ ಜಿಗಿಯುವ ಡಿಎನ್‌ಎ ತುಂಡು ನಡುವೆ ನುಗ್ಗಿ ಅದನ್ನು ಕೆಡಿಸಿದೆ. ಇಂಥ ಸ್ಪಷ್ಟ ಗುರುತು ತಳಿ ಅಭಿವೃದ್ಧಿಗೆ ನಿಜವಾದ ಭಾಗ್ಯ: ಸಸಿಯ ಎಲೆಯ ಚೂರಿನ ಡಿಎನ್‌ಎ ಪರೀಕ್ಷೆಯಿಂದಲೇ ಆಯ್ಕೆ ಸಾಧ್ಯ.

ಆಸ್ಟ್ರೇಲಿಯಾದ ಇತರೆಡೆಯೂ ಸೋಯಾ ಜೀನ್‌ಗಳ ಅಧ್ಯಯನ ನಡೆದಿದೆ. ಪರ್ತ್‌ನ ವೆಸ್ಟರ್ನ್ ಆಸ್ಟ್ರೇಲಿಯಾ ವಿಶ್ವವಿದ್ಯಾಲಯದಲ್ಲಿ ಸಾವಿರಕ್ಕೂ ಮಿಕ್ಕ ಸೋಯಾ ತಳಿಗಳ ಸಮಗ್ರ ಜೀನೋಮ್ ಕಟ್ಟಲಾಗಿದ್ದು, ಪಳಗಿಸುವಿಕೆಯಲ್ಲಿ ಕಳೆದುಹೋದ ಜೀನ್‌ಗಳು ಕಂಡಿವೆ. ಬ್ರಿಸ್ಬೇನ್‌ನ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಪೀಟರ್ ಗ್ರೆಶಾಫ್ ಬೇರುಗಂಟುಗಳ ಸಂಖ್ಯೆ ನಿಯಂತ್ರಿಸುವ ಜೀನ್‌ಗಳನ್ನು ಅಧ್ಯಯನ ಮಾಡಿದರು; ಬರ, ಉಪ್ಪು ಎರಡೂ ಈ ಗಂಟುಗಳ ಸಾರಜನಕ ಸ್ಥಿರೀಕರಣವನ್ನು ಕುಗ್ಗಿಸುತ್ತವೆ.

ಹೊಲಕ್ಕಿಳಿದ ಉದಾಹರಣೆ ಅರ್ಜೆಂಟೀನಾದ್ದು: ಬರ ಸಹಿಷ್ಣುತೆಗಾಗಿ ಸೂರ್ಯಕಾಂತಿಯ ಎಚ್‌ಬಿ4 ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್‌ನ ಜೀನ್ ಸೇರಿಸಿದ ಸೋಯಾಗೆ 2015ರಲ್ಲಿ ಅಲ್ಲಿ ಅನುಮತಿ ದೊರೆಯಿತು.